ಬೆರಳಚ್ಚು, ಡಿಎನ್‌ಎ, ಸಿಸಿಟಿವಿ, ವಿಚಾರಣೆ: ಅಪರಾಧ ಪತ್ತೆಗೆ ಯಾವುದು ಎಷ್ಟು ನೆರವಾಗುತ್ತದೆ?

ಸೆಮಿನಾರ್_ವಿದ್ಯಾರ್ಥಿ

ಅಪರಾಧಶಾಸ್ತ್ರ ಓದುತ್ತಿದ್ದೇನೆ. ಪೊಲೀಸ್ ತನಿಖೆಯ ವಿಧಾನಗಳಲ್ಲಿ ಯಾವುದು ಎಷ್ಟರ ಮಟ್ಟಿಗೆ ಕೆಲಸಕ್ಕೆ ಬರುತ್ತದೆ ಎಂಬುದು ನನ್ನ ಸೆಮಿನಾರಿನ ವಿಷಯ. ಪಠ್ಯದಲ್ಲಿ ಬೆರಳಚ್ಚಿಗೊಂದು ಅಧ್ಯಾಯ, ಡಿಎನ್‌ಎಗೊಂದು, ಸುಳ್ಳು ಪತ್ತೆ ಯಂತ್ರಕ್ಕೊಂದು. ಎಲ್ಲವನ್ನೂ ಸಮಾನವಾಗಿಯೇ ವಿವರಿಸಿದ್ದಾರೆ. ಕೊಲೆಯೋ ಮನೆಗಳ್ಳತನವೋ ನಡೆದಾಗ ಇವುಗಳಲ್ಲಿ ಯಾವುದು ಆರೋಪಿಯ ತನಕ ಕರೆದೊಯ್ಯುತ್ತದೆ, ಯಾವುದು ಬರೀ ದೃಢಪಡಿಸುತ್ತದೆ, ಯಾವುದು ದಾರಿ ತಪ್ಪಿಸುತ್ತದೆ ಎಂಬ ಹೋಲಿಕೆ ಎಲ್ಲೂ ಸಿಗುತ್ತಿಲ್ಲ.

ಮುಖ್ಯವಾಗಿ ಎರಡು ಗೊಂದಲ. ಡಿಎನ್‌ಎ ಸಿಕ್ಕರೆ ಉಳಿದದ್ದೆಲ್ಲ ಗೌಣ ಅನ್ನುವುದು ಎಷ್ಟು ನಿಜ? ಆರೋಪಿ ತಪ್ಪೊಪ್ಪಿಕೊಂಡರೆ ಕೇಸು ಮುಗಿಯಿತು ಅನ್ನುವುದು ಎಷ್ಟು ಸರಿ? ಅಧ್ಯಯನಗಳ ಅಂಕಿಅಂಶ ಗೊತ್ತಿದ್ದರೆ ಹೇಳಿ. ಕೆಲಸದ ಮಟ್ಟದಲ್ಲಿ ಎಲ್ಲಿ ಎಡವುತ್ತಾರೆ ಎಂಬುದು ಇನ್ನೂ ಮುಖ್ಯ. ಒಂದೇ ದೇಶದ ಕಾನೂನಿಗೆ ಸೀಮಿತ ಮಾಡಬೇಕಿಲ್ಲ.

ಮೊದಲ_ಗಸ್ತು

ತನಿಖೆಯಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಯಾರು ಮಾಡಿದ್ದು ಎಂದೇ ತಿಳಿಯದಿದ್ದಾಗ ಒಂದು ಹೆಸರು ಹುಡುಕಬೇಕು. ಹೆಸರು ಸಿಕ್ಕ ಮೇಲೆ ಅದು ಸರಿಯೇ ಎಂದು ಪರೀಕ್ಷಿಸಬೇಕು. ಆಮೇಲೆ ನ್ಯಾಯಾಲಯದಲ್ಲಿ ನಿಲ್ಲುವಂತೆ ಸಾಕ್ಷ್ಯ ಕಟ್ಟಬೇಕು. ಒಂದರಲ್ಲಿ ಗಟ್ಟಿಯಾಗಿ ನಿಲ್ಲುವ ವಿಧಾನ ಇನ್ನೊಂದರಲ್ಲಿ ಕೈಕೊಡಬಹುದು. ನಿಮ್ಮ ಹೋಲಿಕೆಯನ್ನು ಈ ಮೂರರ ಮೇಲೆ ಕಟ್ಟಿದರೆ ಸೆಮಿನಾರಿಗೆ ಒಂದು ಆಕಾರ ಬರುತ್ತದೆ.

ಹೆಸರು ಹುಡುಕುವ ಹಂತದಲ್ಲಿ ಮುಂದಿರುವುದು ಜನರಿಂದ ಬರುವ ಮಾಹಿತಿ. ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆ 1970ರ ದಶಕದ ಮಧ್ಯದಲ್ಲಿ ಪತ್ತೇದಾರರ ಕೆಲಸವನ್ನು ಅಳೆದು ನೋಡಿತು. ಪ್ರಕರಣ ಬಗೆಹರಿಯುತ್ತದೋ ಇಲ್ಲವೋ ಎಂಬುದನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸಿದ್ದು, ಸ್ಥಳಕ್ಕೆ ಮೊದಲು ಬಂದ ಗಸ್ತಿನವರಿಗೆ ಸಂತ್ರಸ್ತರು ಕೊಟ್ಟ ಮಾಹಿತಿ. ಆಮೇಲಿನ ಪತ್ತೇದಾರಿ ಕೆಲಸದ ಪಾಲು ಅದರ ಮುಂದೆ ಚಿಕ್ಕದು. ಈ ತೀರ್ಮಾನ ಆಗ ದೊಡ್ಡ ಜಗಳಕ್ಕೆ ಕಾರಣವಾಯಿತು. ಕೊಲೆ ಪ್ರಕರಣಗಳಲ್ಲಿ ತನಿಖಾಧಿಕಾರಿಯ ಶ್ರಮಕ್ಕೂ ಫಲವಿದೆ ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ಅಮೆರಿಕದ ನಾಲ್ಕು ನಗರಗಳ 798 ಕೊಲೆಗಳನ್ನು ಪರಿಶೀಲಿಸಿದ 1999ರ ಅಧ್ಯಯನದಲ್ಲಿ ಪತ್ತೇದಾರರು ಅರ್ಧ ಗಂಟೆಯೊಳಗೆ ಸ್ಥಳ ತಲುಪುವುದು, ಒಬ್ಬಿಬ್ಬರ ಬದಲು ಮೂರ್ನಾಲ್ಕು ಜನರನ್ನು ನೇಮಿಸುವುದು ಪತ್ತೆಯ ಸಾಧ್ಯತೆ ಹೆಚ್ಚಿಸಿದ ಅಂಶಗಳಲ್ಲಿದ್ದವು. ಅಂದರೆ ಆರಂಭದ ಗಂಟೆಗಳಲ್ಲಿ ಎಷ್ಟು ಕೈಗಳಿವೆ ಎಂಬುದೇ ದೊಡ್ಡ ವಿಧಾನ. ಪಠ್ಯಪುಸ್ತಕಗಳು ಇದಕ್ಕೆ ಅಧ್ಯಾಯ ಕೊಡದಿರುವುದು ನನಗೆ ಬೇಸರದ ಸಂಗತಿ.

ಮೊದಲು ತಲುಪಿದವರ ಕೆಲಸ ಹೀಗೆ: ಗಾಯಾಳು ಇದ್ದರೆ ಮೊದಲು ಅವರು. ಆಮೇಲೆ ಒಳಹೋಗಲು, ಹೊರಬರಲು ಒಂದೇ ದಾರಿ ಗುರುತಿಸಿ, ಯಾರು ಎಷ್ಟು ಗಂಟೆಗೆ ಒಳಗೆ ಹೋದರು ಎಂದು ಬರೆದಿಡಬೇಕು. ಸುತ್ತಲಿನ ಹಗ್ಗ ಅಥವಾ ಟೇಪನ್ನು ಅಗತ್ಯಕ್ಕಿಂತ ದೊಡ್ಡದಾಗಿಯೇ ಕಟ್ಟಬೇಕು. ಆಮೇಲೆ ಕಿರಿದು ಮಾಡಬಹುದು, ಜನ ತುಳಿದ ಮೇಲೆ ಹಿಗ್ಗಿಸಿ ಪ್ರಯೋಜನವಿಲ್ಲ. ಕಂಡವರನ್ನು ಒಬ್ಬರಿಂದ ಒಬ್ಬರನ್ನು ದೂರ ಕೂರಿಸಬೇಕು. ಇಬ್ಬರು ಸಾಕ್ಷಿಗಳು ಹತ್ತು ನಿಮಿಷ ಮಾತಾಡಿಕೊಂಡರೆ ಒಬ್ಬರು ಕಂಡ ಕೆಂಪು ಅಂಗಿ ಇಬ್ಬರ ನೆನಪಿಗೂ ಸೇರುತ್ತದೆ. ಆಮೇಲೆ ಬಿಡಿಸುವುದು ಆಗದ ಮಾತು.

ಸುತ್ತಲಿನ ಮನೆಗಳ ವಿಚಾರಣೆಯಲ್ಲಿ ಬಾಗಿಲು ತೆರೆಯದ ಮನೆಯನ್ನೂ ಪಟ್ಟಿಯಲ್ಲಿ ಬರೆಯಬೇಕು, ಮತ್ತೆ ಹೋಗಬೇಕು. ಘಟನೆ ನಡೆದ ಹೊತ್ತಿಗೇ ಮರುದಿನ ಒಮ್ಮೆ, ಮುಂದಿನ ವಾರ ಅದೇ ದಿನ ಅದೇ ಹೊತ್ತಿಗೆ ಇನ್ನೊಮ್ಮೆ. ಹಾಲು, ಪತ್ರಿಕೆ ಹಾಕುವವರು, ವಾರಕ್ಕೊಮ್ಮೆ ಆ ದಾರಿಯಲ್ಲಿ ಹೋಗುವವರು ಆಗ ಮಾತ್ರ ಸಿಗುತ್ತಾರೆ. "ಏನಾದರೂ ಅನುಮಾನಾಸ್ಪದವಾಗಿ ಕಂಡಿತೇ" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರವೇ ಬರುತ್ತದೆ, ಯಾಕೆಂದರೆ ಕಂಡದ್ದು ಅನುಮಾನಾಸ್ಪದವೋ ಅಲ್ಲವೋ ಎಂದು ಅವರಿಗೆ ತಿಳಿದಿರುವುದಿಲ್ಲ. "ಆ ಹೊತ್ತಿಗೆ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ, ಯಾರನ್ನು ಕಂಡಿರಿ, ಏನು ಕೇಳಿಸಿತು" ಎಂದು ಕೇಳಬೇಕು.

ಪ್ರತ್ಯಕ್ಷದರ್ಶಿಯಿಂದ ಗುರುತು ಹಿಡಿಸುವುದು ಬೇರೆಯದೇ ವಿಷಯ. ಡಿಎನ್‌ಎಯಿಂದ ನಿರಪರಾಧಿಗಳೆಂದು ಬಿಡುಗಡೆಯಾದ ಅಮೆರಿಕದ ಮೊದಲ 250 ಜನರಲ್ಲಿ 190 ಮಂದಿಯ ಪ್ರಕರಣದಲ್ಲಿ ಸಾಕ್ಷಿ ತಪ್ಪಾಗಿ ಗುರುತು ಹಿಡಿದಿದ್ದರು. ಅವರಲ್ಲಿ ಹೆಚ್ಚಿನ ಸಾಕ್ಷಿಗಳು ಸುಳ್ಳು ಹೇಳಿದವರಲ್ಲ, ಪ್ರಾಮಾಣಿಕವಾಗಿ ತಪ್ಪಿದವರು. ತಪ್ಪು ತುಂಬ ಸಲ ನುಸುಳುವುದು ಪರೇಡ್ (ಶಂಕಿತನನ್ನು ಬೇರೆಯವರ ಜೊತೆ ಸಾಲಾಗಿ ನಿಲ್ಲಿಸಿ ಗುರುತು ಹಿಡಿಸುವುದು) ನಡೆಸುವ ಕ್ರಮದಲ್ಲಿ. ಶಂಕಿತ ಯಾರೆಂದು ಗೊತ್ತಿಲ್ಲದ ಅಧಿಕಾರಿಯೇ ಪರೇಡ್ ನಡೆಸಬೇಕು. "ಆ ವ್ಯಕ್ತಿ ಇವರಲ್ಲಿ ಇಲ್ಲದಿರಲೂಬಹುದು" ಎಂದು ಸಾಕ್ಷಿಗೆ ಮೊದಲೇ ಹೇಳಬೇಕು. ಒಂದು ಸಾಲಿನಲ್ಲಿ ಒಬ್ಬನೇ ಶಂಕಿತ ಇರಬೇಕು. ಉಳಿದವರು ಸಾಕ್ಷಿ ಕೊಟ್ಟ ವರ್ಣನೆಗೆ ಹೊಂದಬೇಕು. ಇಂಗ್ಲೆಂಡಿನ ನಿಯಮ ಶಂಕಿತನ ಜೊತೆಗೆ ಕನಿಷ್ಠ 8 ಜನರನ್ನು ಕೇಳುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ 5. ಗಡ್ಡ ಇತ್ತು ಎಂದು ಸಾಕ್ಷಿ ಹೇಳಿದ್ದು, ಸಾಲಿನಲ್ಲಿ ಗಡ್ಡ ಇರುವವನು ಒಬ್ಬನೇ ಇದ್ದರೆ ಅದು ಪರೀಕ್ಷೆಯೇ ಅಲ್ಲ.

ಗುರುತಿಸಿದ ಕೂಡಲೇ, ಯಾರೂ ಏನೂ ಹೇಳುವ ಮೊದಲು, ಎಷ್ಟು ಖಚಿತ ಎಂದು ಸಾಕ್ಷಿಯ ಮಾತಿನಲ್ಲೇ ದಾಖಲಿಸಿಕೊಳ್ಳಬೇಕು. ಸರಿಯಾಗಿ ನಡೆದ ಮೊದಲ ಪರೇಡಿನಲ್ಲಿ ಆ ಕ್ಷಣದ ಖಚಿತತೆಗೆ ಬೆಲೆ ಇದೆ. "ಸರಿಯಾಗಿ ಗುರುತಿಸಿದಿರಿ" ಎಂದು ಅಧಿಕಾರಿ ಒಂದು ಮಾತು ಹೇಳಿದರೆ ಸಾಕ್ಷಿಯ ವಿಶ್ವಾಸ ಏರುತ್ತದೆ. ತಾನು ಎಷ್ಟು ಹತ್ತಿರದಿಂದ ಕಂಡೆ ಎಂಬ ನೆನಪೂ ಬದಲಾಗುತ್ತದೆ ಎಂದು 1998ರ ಪ್ರಯೋಗ ತೋರಿಸಿತು. ತಿಂಗಳುಗಳ ನಂತರ ಕಟಕಟೆಯಲ್ಲಿ ನಿಂತು "ನೂರಕ್ಕೆ ನೂರು ಇವನೇ" ಅನ್ನುವುದಕ್ಕೆ ಆ ಬೆಲೆ ಇಲ್ಲ. ಅದೇ ಶಂಕಿತನ ಫೋಟೊ ಒಮ್ಮೆ ತೋರಿಸಿ ಆಮೇಲೆ ಪರೇಡಿನಲ್ಲಿ ನಿಲ್ಲಿಸುವುದು ಇದಕ್ಕಿಂತ ಕೆಟ್ಟದ್ದು. ಎರಡನೇ ಸಲ ಸಾಕ್ಷಿ ಗುರುತು ಹಿಡಿಯುವುದು ಫೋಟೊದ ಮುಖವನ್ನು.

ಗೆರೆ_ಮತ್ತು_ಕಲೆ

ಮೇಲಿನ ಉತ್ತರವನ್ನು ಒಪ್ಪುತ್ತಲೇ ಲ್ಯಾಬ್ ಕಡೆಯಿಂದ ಒಂದು ತಿದ್ದುಪಡಿ: ಸಾಕ್ಷಿಯೇ ಇಲ್ಲದ ಆಸ್ತಿ ಅಪರಾಧಗಳಲ್ಲಿ ಡಿಎನ್‌ಎ ಹೆಸರನ್ನೂ ಹುಡುಕಿಕೊಡುತ್ತದೆ. 2008ರಲ್ಲಿ ಪ್ರಕಟವಾದ, ಅಮೆರಿಕದ ಐದು ಕಡೆ ನಡೆದ ಪ್ರಯೋಗದಲ್ಲಿ ಜೈವಿಕ ಕುರುಹು ಸಿಕ್ಕ ಕಳ್ಳತನಗಳನ್ನು ಎರಡು ಭಾಗ ಮಾಡಿ, ಒಂದರಲ್ಲಿ ಮಾತ್ರ ಡಿಎನ್‌ಎ ಪರೀಕ್ಷೆ ಮಾಡಿದರು. ಆ ಭಾಗದಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಪ್ರಕರಣಗಳಲ್ಲಿ ಶಂಕಿತರು ಪತ್ತೆಯಾದರು. ಆದರೆ ಇದರ ಹಿಂದೆ ಎರಡು ಷರತ್ತುಗಳಿವೆ. ಕುರುಹು ಸಿಕ್ಕಿರಬೇಕು, ಮತ್ತು ಆ ವ್ಯಕ್ತಿಯ ಪ್ರೊಫೈಲ್ (ಡಿಎನ್‌ಎ ಗುರುತನ್ನು ಬರೆದಿಟ್ಟ ಅಂಕಿಗಳು) ಮೊದಲೇ ಪೊಲೀಸರ ದತ್ತಾಂಶ ಸಂಗ್ರಹದಲ್ಲಿ ಇರಬೇಕು. ಎರಡನೆಯದಿಲ್ಲದಿದ್ದರೆ ಕೈಯಲ್ಲಿರುವುದು ಹೆಸರಿಲ್ಲದ ಅಂಕಿಗಳ ಸಾಲು.

"ಡಿಎನ್‌ಎ ಇದ್ದರೆ ಉಳಿದದ್ದು ಗೌಣವೇ" ಎಂದು ಕೇಳಿದಿರಿ. ಡಿಎನ್‌ಎ ಬಳಸಿ ಬಗೆಹರಿದ ಮೊದಲ ಕೊಲೆ ಪ್ರಕರಣವೇ ಉತ್ತರ ಕೊಡುತ್ತದೆ. ಅಲೆಕ್ ಜೆಫ್ರೀಸ್ 1984ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡಿಎನ್‌ಎ ಗುರುತಿನ ವಿಧಾನ ಕಂಡುಹಿಡಿದರು. ಅದೇ ಪ್ರಾಂತ್ಯದಲ್ಲಿ 1983 ಮತ್ತು 1986ರಲ್ಲಿ ಇಬ್ಬರು ಹುಡುಗಿಯರ ಕೊಲೆಯಾಗಿತ್ತು. 17 ವರ್ಷದ ಹುಡುಗನೊಬ್ಬ ಒಂದನ್ನು ಒಪ್ಪಿಕೊಂಡಿದ್ದ. ಎರಡೂ ಒಬ್ಬನದೇ ಕೃತ್ಯ, ಆ ಒಬ್ಬ ಈ ಹುಡುಗನಲ್ಲ ಎಂದು ಡಿಎನ್‌ಎ ತೋರಿಸಿತು. ಆಮೇಲೆ ಪೊಲೀಸರು ಸುಮಾರು 5,000 ಗಂಡಸರ ಮಾದರಿ ಸಂಗ್ರಹಿಸಿದರು. ಹೊಂದಿಕೆ ಸಿಗಲಿಲ್ಲ, ಯಾಕೆಂದರೆ ನಿಜವಾದ ಕೊಲೆಗಾರ ತನ್ನ ಬದಲು ಸಹೋದ್ಯೋಗಿಯನ್ನು ರಕ್ತ ಕೊಡಲು ಕಳಿಸಿದ್ದ. ಆ ಸಹೋದ್ಯೋಗಿ ಪಬ್ಬಿನಲ್ಲಿ ಬಾಯಿಬಿಟ್ಟದ್ದನ್ನು ಕೇಳಿಸಿಕೊಂಡವರು ಪೊಲೀಸರಿಗೆ ತಿಳಿಸಿದ ಮೇಲೆಯೇ ಬಂಧನ. ನಿರಪರಾಧಿಯನ್ನು ಬಿಡಿಸಿದ್ದು, ಕೊನೆಗೆ ದೃಢಪಡಿಸಿದ್ದು ಡಿಎನ್‌ಎ. ನಡುವೆ ಹೆಸರು ಕೊಟ್ಟದ್ದು ಜನರ ಮಾತು.

ಕೆಲಸದಲ್ಲಿ ಎಡವುವ ಜಾಗಗಳು. ಒಣಗಿದ ರಕ್ತದ ಕಲೆಗೆ ಸ್ಟೆರೈಲ್ (ಸೂಕ್ಷ್ಮಾಣು ರಹಿತ) ನೀರಿನ ಒಂದೆರಡು ಹನಿ ಹಾಕಿದ ಸ್ವ್ಯಾಬ್ (ಮಾದರಿ ತೆಗೆಯುವ ಹತ್ತಿ ಕಡ್ಡಿ) ಹೊರಳಿಸಿ, ಅದೇ ಜಾಗಕ್ಕೆ ಎರಡನೆಯ ಒಣ ಸ್ವ್ಯಾಬ್ ಹಚ್ಚಬೇಕು. ಮೊದಲನೆಯದು ಕೋಶಗಳನ್ನು ಸಡಿಲಿಸುತ್ತದೆ, ಎರಡನೆಯದು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದರೆ ಕಲೆ ಹರಡಿ ತೆಳುವಾಗುತ್ತದೆ. ಎರಡನ್ನೂ ಗಾಳಿಯಲ್ಲಿ ಒಣಗಿಸಿ ಕಾಗದದ ಲಕೋಟೆಗೆ ಹಾಕಬೇಕು. ಪ್ಲಾಸ್ಟಿಕ್ ಚೀಲದಲ್ಲಿ ತೇವ ಉಳಿದರೆ ಸೂಕ್ಷ್ಮಾಣುಗಳು ಬೆಳೆದು ಡಿಎನ್‌ಎಯನ್ನು ತುಂಡರಿಸುತ್ತವೆ. ಒದ್ದೆ ಬಟ್ಟೆಗೂ ಇದೇ ನಿಯಮ: ಮಡಚುವ ಮೊದಲು ಪದರಗಳ ನಡುವೆ ಶುಭ್ರ ಕಾಗದ ಇಡಬೇಕು, ಇಲ್ಲದಿದ್ದರೆ ಒಂದು ಮಗ್ಗುಲಿನ ಕಲೆ ಇನ್ನೊಂದಕ್ಕೆ ಅಂಟಿ ರಕ್ತ ಎಲ್ಲಿ ಸಿಡಿದಿತ್ತು ಎಂಬ ಮಾಹಿತಿಯೇ ಹೋಗುತ್ತದೆ. ಪ್ರತಿ ವಸ್ತುವಿಗೂ ಹೊಸ ಕೈಗವಸು. ಅದೇ ಪೆಟ್ಟಿಗೆಯ ಬಳಸದ ಒಂದು ಸ್ವ್ಯಾಬನ್ನು ನಿಯಂತ್ರಣ ಮಾದರಿಯಾಗಿ (ಸ್ವ್ಯಾಬಿನಲ್ಲೇ ಮೊದಲಿನಿಂದ ಡಿಎನ್‌ಎ ಇದೆಯೇ ಎಂದು ನೋಡಲು) ಸೇರಿಸಲೇಬೇಕು.

ಇದು ಶಿಸ್ತಿಗಾಗಿ ಹೇಳುವ ಮಾತಲ್ಲ. 2007ರಲ್ಲಿ ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ ಮಹಿಳಾ ಪೊಲೀಸ್ ಒಬ್ಬರ ಕೊಲೆಯಾಯಿತು. ಅಲ್ಲಿ ಸಿಕ್ಕ ಮಹಿಳೆಯ ಡಿಎನ್‌ಎ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸಿನ ಸುಮಾರು 40 ಘಟನಾ ಸ್ಥಳಗಳಲ್ಲಿ ಕಾಣಿಸಿತು. ವರ್ಷಗಟ್ಟಲೆ ಹುಡುಕಿದ ಮೇಲೆ 2009ರಲ್ಲಿ ತಿಳಿದದ್ದು, ಅದು ಸ್ವ್ಯಾಬ್ ತಯಾರಿಕೆಯಲ್ಲಿದ್ದ ಕೆಲಸಗಾರ್ತಿಯೊಬ್ಬರ ಡಿಎನ್‌ಎ ಎಂದು. ಸ್ವ್ಯಾಬ್‌ಗಳು ಸ್ಟೆರೈಲ್ ಆಗಿದ್ದವು, ಡಿಎನ್‌ಎ ಮುಕ್ತವಾಗಿರಲಿಲ್ಲ. ಸ್ಟೆರೈಲ್ ಮಾಡುವ ಕ್ರಿಯೆ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ, ಡಿಎನ್‌ಎ ಅಣುವನ್ನು ಪೂರ್ತಿ ಅಳಿಸುವುದಿಲ್ಲ. ಡಿಎನ್‌ಎ ಸಂಗ್ರಹದ ಸಾಮಗ್ರಿಗಳಿಗೆಂದೇ ಐಎಸ್‌ಒ 18385 ಎಂಬ ಅಂತರರಾಷ್ಟ್ರೀಯ ಮಾನದಂಡ 2016ರಲ್ಲಿ ಬಂತು.

ಇನ್ನೊಂದು ಮಿತಿ ಪ್ರಮಾಣದ್ದು. ಒಂದು ಮಾನವ ಕೋಶದಲ್ಲಿ ಸುಮಾರು 6.6 ಪಿಕೋಗ್ರಾಂ ಡಿಎನ್‌ಎ ಇರುತ್ತದೆ. ಸಾಮಾನ್ಯ ಕಿಟ್‌ಗಳು ಚೆನ್ನಾಗಿ ಕೆಲಸ ಮಾಡುವುದು ಅರ್ಧದಿಂದ ಒಂದು ನ್ಯಾನೋಗ್ರಾಂ (ಒಂದು ನ್ಯಾನೋಗ್ರಾಂ ಅಂದರೆ ಸಾವಿರ ಪಿಕೋಗ್ರಾಂ) ಇದ್ದಾಗ. 100 ಪಿಕೋಗ್ರಾಂಗಿಂತ ಕೆಳಗಿಳಿದರೆ ಕೆಲವು ಗುರುತುಗಳು ಬಿದ್ದುಹೋಗುತ್ತವೆ, ಎಲ್ಲಿಂದಲೋ ಬಂದವು ಕಾಣಿಸಿಕೊಳ್ಳುತ್ತವೆ. ಬರಿಗೈಯಲ್ಲಿ ಮುಟ್ಟಿದ ಹಿಡಿಕೆಯಿಂದ ತೆಗೆದ ಮಾದರಿ ಹೆಚ್ಚಾಗಿ ಹೀಗಿರುತ್ತದೆ, ಜೊತೆಗೆ ಮೂರ್ನಾಲ್ಕು ಜನರದು ಬೆರೆತಿರುತ್ತದೆ. ಡಿಎನ್‌ಎ "ಯಾರದು" ಎಂದು ಹೇಳಬಲ್ಲದು. "ಯಾವಾಗ, ಹೇಗೆ ಬಂತು" ಎಂದು ಹೇಳಲಾರದು. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೊಲೆಯಾದವನ ಉಗುರಿನಡಿ ಸಿಕ್ಕ ಡಿಎನ್‌ಎ ಆಧಾರದ ಮೇಲೆ ಒಬ್ಬರನ್ನು ತಿಂಗಳುಗಟ್ಟಲೆ ಜೈಲಿನಲ್ಲಿಟ್ಟಿದ್ದರು. ಕೊಲೆಯ ಹೊತ್ತಿಗೆ ಅವರು ಆಸ್ಪತ್ರೆಯಲ್ಲಿದ್ದರು. ಅವರನ್ನು ಉಪಚರಿಸಿದ ಆಂಬುಲೆನ್ಸ್ ಸಿಬ್ಬಂದಿಯೇ ಕೆಲವು ಗಂಟೆಗಳ ನಂತರ ಕೊಲೆಯ ಸ್ಥಳಕ್ಕೂ ಹೋಗಿದ್ದರು.

ಬೆರಳಚ್ಚಿನ ಬಗ್ಗೆ. ಅಗ್ಗ, ಬೇಗ, ದತ್ತಾಂಶ ದೊಡ್ಡದು. ನಯವಾದ ಗಾಜು, ಲೋಹಕ್ಕೆ ಪುಡಿ ಸಾಕು. ಆದರೆ ಪುಡಿ ಹೆಚ್ಚಾದರೆ ಗೆರೆಗಳ ನಡುವಿನ ಕಣಿವೆ ತುಂಬಿಹೋಗುತ್ತದೆ. ಪ್ಲಾಸ್ಟಿಕ್ಕಿಗೆ ಸಯನೋಆಕ್ರಿಲೇಟ್ (ಸೂಪರ್ ಗ್ಲೂ ಅಂಟು) ಹೊಗೆ: ಪೆಟ್ಟಿಗೆಯೊಳಗೆ ತೇವಾಂಶ 80% ಆಸುಪಾಸು ಇರಬೇಕು. ಒಣ ಗಾಳಿಯಲ್ಲಿ ಗೆರೆ ಮಂಕಾಗುತ್ತದೆ, ಹೊತ್ತು ಮೀರಿದರೆ ಇಡೀ ಮೇಲ್ಮೈ ಬೆಳ್ಳಗಾಗುತ್ತದೆ. ಕಾಗದಕ್ಕೆ ಮೊದಲು ಇಂಡೇನ್‌ಡಯೋನ್, ಆಮೇಲೆ ನಿನ್‌ಹೈಡ್ರಿನ್. ಈ ಎರಡೂ ರಾಸಾಯನಿಕಗಳು ಬೆವರಿನ ಅಮೈನೋ ಆಮ್ಲಗಳೊಂದಿಗೆ ವರ್ತಿಸುತ್ತವೆ. ಕಾಗದ ನೀರಲ್ಲಿ ನೆನೆದಿದ್ದರೆ ಆ ಆಮ್ಲಗಳು ತೊಳೆದುಹೋಗಿರುತ್ತವೆ, ಆಗ ಜಿಡ್ಡನ್ನು ಹಿಡಿಯುವ ಫಿಸಿಕಲ್ ಡೆವಲಪರ್ ಬೇಕು. ಈ ಕ್ರಮ ತಿರುಗಿಸುವಂತಿಲ್ಲ: ಫಿಸಿಕಲ್ ಡೆವಲಪರ್ ನೀರಿನ ದ್ರಾವಣ, ಅದನ್ನು ಮೊದಲು ಮಾಡಿದರೆ ಮಿಕ್ಕ ಎರಡಕ್ಕೂ ಏನೂ ಉಳಿಯುವುದಿಲ್ಲ. ಪುಡಿ ಹಚ್ಚುವ ಬ್ರಷ್ ಒಂದು ಸ್ಥಳದ ಡಿಎನ್‌ಎಯನ್ನು ಇನ್ನೊಂದಕ್ಕೆ ಹೊತ್ತೊಯ್ಯಬಲ್ಲದು, ಆದ್ದರಿಂದ ಗಂಭೀರ ಪ್ರಕರಣಕ್ಕೆ ಹೊಸ ಬ್ರಷ್.

ಹೋಲಿಕೆ ಎಷ್ಟು ನಂಬಬಹುದು? 169 ಅಮೆರಿಕನ್ ತಜ್ಞರ ಮೇಲೆ ನಡೆದ 2011ರ ಪರೀಕ್ಷೆಯಲ್ಲಿ ಬೇರೆಯವರದನ್ನು ಇವರದೇ ಎಂದ ತಪ್ಪು 0.1%, ಇವರದೇ ಇದ್ದದ್ದನ್ನು ಅಲ್ಲವೆಂದ ತಪ್ಪು 7.5%. ಒಳ್ಳೆಯ ಅಂಕಿಗಳೇ. ಆದರೆ 2004ರ ಮ್ಯಾಡ್ರಿಡ್ ರೈಲು ಸ್ಫೋಟದಲ್ಲಿ ಡಿಟೊನೇಟರ್ ಇದ್ದ ಚೀಲದ ಅಚ್ಚನ್ನು ಅಮೆರಿಕದ ವಕೀಲರೊಬ್ಬರದೆಂದು ಎಫ್‌ಬಿಐ ತಜ್ಞರು ಖಚಿತವಾಗಿ ಹೇಳಿದರು. ಸ್ಪೇನ್ ಪೊಲೀಸರು ಅದು ಬೇರೊಬ್ಬನದೆಂದು ಕಂಡುಹಿಡಿದರು. ಕಂಪ್ಯೂಟರ್ ಕೋಟಿಗಟ್ಟಲೆ ಅಚ್ಚುಗಳಿಂದ ಅತಿ ಹೋಲುವವನ್ನು ಆರಿಸಿ ಕೊಟ್ಟಾಗ ಕಾಕತಾಳೀಯ ಸಾಮ್ಯ ಸಿಗುವುದು ಸಹಜ. ಆಮೇಲೆ ತಜ್ಞರು ವಕೀಲರ ಅಚ್ಚನ್ನು ಮುಂದಿಟ್ಟುಕೊಂಡು ಮಸುಕಾದ ಅಚ್ಚಿನಲ್ಲಿ ಅವೇ ಬಿಂದುಗಳನ್ನು ಕಂಡರು. ಎರಡನೆಯ ತಜ್ಞರಿಗೆ ಮೊದಲಿನವರ ತೀರ್ಮಾನ ಗೊತ್ತಿತ್ತು. ಆದ್ದರಿಂದ ಸ್ಥಳದ ಅಚ್ಚಿನ ಬಿಂದುಗಳನ್ನು ಮೊದಲು ಗುರುತಿಸಿ ದಾಖಲಿಸಿ, ಆಮೇಲೆ ಶಂಕಿತನದನ್ನು ತೆರೆಯಬೇಕು. ಮರುಪರಿಶೀಲಿಸುವವರಿಗೆ ಮೊದಲ ಫಲಿತಾಂಶ ತಿಳಿಯಬಾರದು.

ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ಗುರುತು ಹೇಳುವುದು, ಹಲ್ಲಿನ ಕಡಿತದ ಗುರುತು: ಇವೆರಡನ್ನೂ ವ್ಯಕ್ತಿಯನ್ನು ಗುರುತಿಸಲು ಬಳಸಬೇಡಿ. ಹಳೆಯ ವಿಚಾರಣೆಗಳಲ್ಲಿ ತನ್ನ ತಜ್ಞರು ಕೊಟ್ಟ ಕೂದಲಿನ ಸಾಕ್ಷ್ಯದಲ್ಲಿ 90%ಕ್ಕೂ ಹೆಚ್ಚು ಕಡೆ ಉತ್ಪ್ರೇಕ್ಷೆ ಇತ್ತೆಂದು ಎಫ್‌ಬಿಐಯೇ 2015ರಲ್ಲಿ ಒಪ್ಪಿತು.

ಟೈಮ್‌ಸ್ಟ್ಯಾಂಪ್

ಸಿಸಿಟಿವಿಗೆ ಒಂದು ಗಟ್ಟಿ ಅಂಕಿ ಇದೆ. ಬ್ರಿಟಿಷ್ ಸಾರಿಗೆ ಪೊಲೀಸರು 2011ರಿಂದ 2015ರವರೆಗೆ ದಾಖಲಿಸಿದ 2,51,195 ಅಪರಾಧಗಳ ವಿಶ್ಲೇಷಣೆಯಲ್ಲಿ 45% ಪ್ರಕರಣಗಳಲ್ಲಿ ದೃಶ್ಯ ಲಭ್ಯವಿತ್ತು, 29% ಪ್ರಕರಣಗಳಲ್ಲಿ ಉಪಯೋಗಕ್ಕೆ ಬಂತು. ಇದು ಕ್ಯಾಮೆರಾ ದಟ್ಟವಾಗಿರುವ ರೈಲು ಜಾಲದ ಅಂಕಿ ಎಂಬುದನ್ನು ಮರೆಯಬೇಡಿ.

ಇಲ್ಲಿ ಕೇಸು ಕೆಡುವುದು ಹೆಚ್ಚಾಗಿ ಗಡಿಯಾರದಿಂದ. ಡಿವಿಆರ್ (ದೃಶ್ಯ ದಾಖಲಿಸುವ ಪೆಟ್ಟಿಗೆ) ತೋರಿಸುವ ಸಮಯ ನಿಮಿಷಗಟ್ಟಲೆ, ಕೆಲವೊಮ್ಮೆ ಗಂಟೆಗಟ್ಟಲೆ ತಪ್ಪಿರುತ್ತದೆ. ವಶಪಡಿಸಿಕೊಳ್ಳುವಾಗ ಪರದೆಯ ಸಮಯವನ್ನೂ ನಿಖರ ಗಡಿಯಾರವನ್ನೂ ಒಂದೇ ಫೋಟೊದಲ್ಲಿ ತೆಗೆದು ವ್ಯತ್ಯಾಸ ಬರೆಯಬೇಕು. ಇದಿಲ್ಲದಿದ್ದರೆ ಎರಡು ಕ್ಯಾಮೆರಾಗಳಲ್ಲಿ ಕಂಡ ವ್ಯಕ್ತಿಯ ನಡಿಗೆಯನ್ನು ಜೋಡಿಸಲು ಆಗುವುದಿಲ್ಲ. ನಿರಪರಾಧಿಯೊಬ್ಬನ "ನಾನು ಅಲ್ಲಿರಲಿಲ್ಲ" ಎಂಬ ನಿಜ ಹೇಳಿಕೆಯೂ ಸುಳ್ಳಿನಂತೆ ಕಾಣುತ್ತದೆ. ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುವುದರಿಂದ ಮೊದಲ ದಿನವೇ ಹೋಗಿ ಎಷ್ಟು ದಿನದ ದಾಖಲೆ ಉಳಿಯುತ್ತದೆ ಎಂದು ಕೇಳಬೇಕು. ಮಾನಿಟರನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಬರುವುದು ತೀರಾ ಸಾಮಾನ್ಯ ತಪ್ಪು. ಮೂಲ ಫಾರ್ಮ್ಯಾಟಿನಲ್ಲಿ ಪ್ಲೇಯರ್ ಸಮೇತ ನಕಲು ತೆಗೆದು ಅಲ್ಲಿಯೇ ಎಸ್‌ಎಚ್‌ಎ-256 ಹ್ಯಾಶ್ (ಫೈಲ್ ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ) ಬರೆದಿಡಬೇಕು. ರಾತ್ರಿಯ ಇನ್‌ಫ್ರಾರೆಡ್ ದೃಶ್ಯದಲ್ಲಿ ಕೆಲವು ಕಪ್ಪು ಬಟ್ಟೆಗಳು ಬಿಳಿಯಾಗಿ ಕಾಣುತ್ತವೆ, ಆದ್ದರಿಂದ ಅಂಗಿಯ ಬಣ್ಣದ ಮೇಲೆ ಯಾರನ್ನೂ ಶಂಕಿತರ ಪಟ್ಟಿಗೆ ಸೇರಿಸಬೇಡಿ, ಪಟ್ಟಿಯಿಂದ ಬಿಡಬೇಡಿ. ಚಲನೆ ಕಂಡಾಗ ಮಾತ್ರ ದಾಖಲಿಸುವ ಕ್ಯಾಮೆರಾದಲ್ಲಿ "ಯಾರೂ ಬರಲಿಲ್ಲ" ಎನ್ನುವುದಕ್ಕೂ "ದಾಖಲಾಗಲಿಲ್ಲ" ಎನ್ನುವುದಕ್ಕೂ ವ್ಯತ್ಯಾಸವಿದೆ.

ಮೊಬೈಲ್ ಟವರ್ ದಾಖಲೆಯನ್ನು ಜಿಪಿಎಸ್‌ನಂತೆ ಓದುವುದು ದೊಡ್ಡ ಅಪಾಯ. ಫೋನ್ ಹಿಡಿಯುವುದು ತನಗೆ ಚೆನ್ನಾಗಿ ಸಿಗುವ ಸಿಗ್ನಲ್ಲನ್ನು. ಅದು ಹತ್ತಿರದ ಟವರೇ ಆಗಬೇಕಿಲ್ಲ. ಎತ್ತರ, ಕಟ್ಟಡ, ನೀರಿನ ಮೇಲ್ಮೈ, ಆ ಹೊತ್ತಿನ ದಟ್ಟಣೆ ಎಲ್ಲ ಸೇರಿ ನಿರ್ಧಾರವಾಗುತ್ತದೆ. ಒಂದು ಸೆಕ್ಟರ್ (ಟವರಿನ ಒಂದು ದಿಕ್ಕಿನ ಆಂಟೆನಾ ಆವರಿಸುವ ಭಾಗ) ಸಾಮಾನ್ಯವಾಗಿ 120 ಡಿಗ್ರಿ ಹರಡಿರುತ್ತದೆ, ಬಯಲಿನಲ್ಲಿ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಟೈಮಿಂಗ್ ಅಡ್ವಾನ್ಸ್ (ಸಿಗ್ನಲ್ ಟವರಿಗೆ ಹೋಗಿಬರಲು ಹಿಡಿಯುವ ಸಮಯದ ಅಳತೆ) ಮೌಲ್ಯ ಸಿಕ್ಕರೆ ದೂರದ ಅಂದಾಜು ಬರುತ್ತದೆ: ಜಿಎಸ್‌ಎಮ್‌ನಲ್ಲಿ (2ಜಿ) ಒಂದು ಹೆಜ್ಜೆಗೆ ಸುಮಾರು 550 ಮೀಟರ್, ಎಲ್‌ಟಿಇಯಲ್ಲಿ (4ಜಿ) ಸುಮಾರು 78 ಮೀಟರ್. ಆದರೆ ಅದು ಹೆಚ್ಚು ದಿನ ಉಳಿಯುವ ದಾಖಲೆಯಲ್ಲ, ತಡಮಾಡದೆ ಕೇಳಬೇಕು. ಸಂಬಂಧಿಸಿದ ಜಾಗದಲ್ಲಿ ಅದೇ ಜಾಲದ ಫೋನ್ ಹಿಡಿದು ಯಾವ ಸೆಕ್ಟರ್ ಸಿಗುತ್ತದೆ ಎಂದು ಅಳೆಯುವುದು ನಕ್ಷೆಯ ಮೇಲೆ ವೃತ್ತ ಎಳೆಯುವುದಕ್ಕಿಂತ ಎಷ್ಟೋ ಮೇಲು. ಡೆನ್ಮಾರ್ಕ್‌ನಲ್ಲಿ ಫೋನ್ ದಾಖಲೆಗಳನ್ನು ಪರಿವರ್ತಿಸುವ ತಂತ್ರಾಂಶದ ದೋಷ ಹೊರಬಿದ್ದು 2019ರಲ್ಲಿ ಸುಮಾರು 10,700 ಪ್ರಕರಣಗಳ ಮರುಪರಿಶೀಲನೆಗೆ ಆದೇಶವಾಯಿತು. ಕಂಪನಿಯ ಮೂಲ ಫೈಲನ್ನು ಯಾವತ್ತೂ ಬಿಸಾಡಬಾರದು ಎನ್ನಲು ಇದೇ ಕಾರಣ.

ಸೆಮಿನಾರ್_ವಿದ್ಯಾರ್ಥಿ

ತುಂಬ ಧನ್ಯವಾದ. ವಿಚಾರಣೆ, ತಪ್ಪೊಪ್ಪಿಗೆ, ಸುಳ್ಳು ಪತ್ತೆ ಪರೀಕ್ಷೆ, ಅಪರಾಧಿಯ ಮನೋಚಿತ್ರಣ (ಕೃತ್ಯ ನೋಡಿ ಮಾಡಿದವನು ಎಂಥವನೆಂದು ಊಹಿಸುವುದು) ಇವುಗಳ ಬಗ್ಗೆಯೂ ಯಾರಾದರೂ ಬರೆದರೆ ನನ್ನ ಪಟ್ಟಿ ಪೂರ್ತಿಯಾಗುತ್ತದೆ. ಲೆಸ್ಟರ್ ಪ್ರಕರಣದ ಹುಡುಗ ಮಾಡದ ಕೊಲೆಯನ್ನು ಒಪ್ಪಿಕೊಂಡದ್ದು ಹೇಗೆ ಎಂಬುದೇ ತಲೆಯಲ್ಲಿ ಕೊರೆಯುತ್ತಿದೆ.

ಎದುರು_ಕುರ್ಚಿ

ಆ ಹುಡುಗನಂಥವರು ಅಪರೂಪವಲ್ಲ. ಮೊದಲ ಉತ್ತರದಲ್ಲಿ ಬಂದ 250 ಜನರಲ್ಲಿ 40 ಮಂದಿ ಮಾಡದ ಅಪರಾಧವನ್ನು ಒಪ್ಪಿಕೊಂಡಿದ್ದರು. ದಣಿವು, ಎಳೆವಯಸ್ಸು, ಬುದ್ಧಿಮಾಂದ್ಯತೆ, ಗಂಟೆಗಟ್ಟಲೆ ಕೂಡಿಹಾಕುವುದು, ಇಲ್ಲದ ಸಾಕ್ಷ್ಯ ಇದೆಯೆಂದು ಹೇಳುವುದು, ಒಪ್ಪಿಕೊಂಡರೆ ಮನೆಗೆ ಹೋಗಬಹುದೆಂಬ ಸುಳಿವು: ಇವು ಸೇರಿದಾಗ ಈ ಕ್ಷಣದ ಹಿಂಸೆ ಮುಗಿದರೆ ಸಾಕು, ಮುಂದಿನದು ಮುಂದೆ ಎಂದು ಮನುಷ್ಯ ಯೋಚಿಸುತ್ತಾನೆ. ಇನ್ನೂ ಗಾಬರಿ ಹುಟ್ಟಿಸುವ ಅಂಶ, ಆ ತಪ್ಪೊಪ್ಪಿಗೆಗಳಲ್ಲಿ ಎರಡನ್ನು ಬಿಟ್ಟು ಉಳಿದೆಲ್ಲದರಲ್ಲೂ ಅಪರಾಧದ ನಿರ್ದಿಷ್ಟ ವಿವರಗಳಿದ್ದವು. ನಿರಪರಾಧಿಗೆ ಅವು ಹೇಗೆ ಗೊತ್ತಾದವು? ಪ್ರಶ್ನೆಗಳಿಂದ, ತೋರಿಸಿದ ಫೋಟೊಗಳಿಂದ, ಸ್ಥಳಕ್ಕೆ ಕರೆದೊಯ್ದಾಗ. "ಚಾಕುವನ್ನು ಬಾವಿಗೆ ಎಸೆದೆಯಾ" ಎಂದು ಕೇಳಿದ ಕ್ಷಣ ಬಾವಿ ಅವನ ಹೇಳಿಕೆಯ ಪಾಲಾಯಿತು.

ತಪ್ಪೊಪ್ಪಿಗೆಯನ್ನು ಪರೀಕ್ಷಿಸಲು ದಾರಿ ಇದೆ. ವಿಚಾರಣೆಗೆ ಮೊದಲೇ, ಬರವಣಿಗೆಯಲ್ಲಿ, ಹೊರಗೆ ಬಿಡಬಾರದ ಮೂರ್ನಾಲ್ಕು ವಿವರಗಳನ್ನು ನಿಗದಿ ಮಾಡಿ. ಪತ್ರಿಕೆಗೂ ಕೊಡಬೇಡಿ, ಪ್ರಶ್ನೆಯಲ್ಲೂ ತರಬೇಡಿ. ಮೊದಲ ನಿಮಿಷದಿಂದ ಪೂರ್ತಿ ವಿಡಿಯೊ ಮಾಡಿ. ಒಪ್ಪಿಕೊಂಡ ಮೇಲಿನ ಭಾಗ ಮಾತ್ರ ಇದ್ದರೆ ವಿವರ ಯಾರ ಬಾಯಿಂದ ಮೊದಲು ಬಂತೆಂದು ತಿಳಿಯುವುದಿಲ್ಲ. ಒಪ್ಪಿಗೆಯಿಂದ ಪೊಲೀಸರಿಗೂ ಗೊತ್ತಿರದ ಹೊಸ ವಸ್ತು ಸಿಕ್ಕಿತೇ ಎಂದು ನೋಡಿ. ಆಗ ಮಾತ್ರ ಅದಕ್ಕೆ ತೂಕ.

ಎದುರಿನವರ ಮುಖ ನೋಡಿ ಸುಳ್ಳು ಹಿಡಿಯುತ್ತೇನೆ ಅನ್ನುವ ನಂಬಿಕೆಯನ್ನು ಮೊದಲು ಬಿಡಬೇಕು. ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಕೂಡಿಸಿ ನೋಡಿದ 2006ರ ವಿಶ್ಲೇಷಣೆಯಲ್ಲಿ ಜನ ಸರಿಯಾಗಿ ಹೇಳಿದ್ದು 54% ಸಲ. ನಾಣ್ಯ ಚಿಮ್ಮಿದರೆ 50. ಕಣ್ಣು ತಪ್ಪಿಸುವುದು, ಚಡಪಡಿಸುವುದು ಹೆದರಿಕೆಯ ಲಕ್ಷಣ, ಸುಳ್ಳಿನದಲ್ಲ. ಬದಲಿಗೆ ಸಾಕ್ಷ್ಯವನ್ನು ಕೈಯಲ್ಲಿಟ್ಟುಕೊಂಡು ತಡವಾಗಿ ಬಿಚ್ಚುವ ಕ್ರಮ ಫಲ ಕೊಡುತ್ತದೆ. ಅಂಗಡಿಯ ಕ್ಯಾಮೆರಾದಲ್ಲಿ ಶಂಕಿತ ಕಂಡಿದ್ದಾನೆ ಅಂದುಕೊಳ್ಳಿ. ಮೊದಲು ಅವನ ಇಡೀ ಸಂಜೆಯನ್ನು ಅವನೇ ಹೇಳಲಿ. ಆಮೇಲೆ ಆ ಬೀದಿ, ಆ ಹೊತ್ತು, ಒಳಗೆ ಹೋಗಿದ್ದನೇ, ಬೇರೆ ಕಾರಣದಿಂದ ಹೋಗಿರಬಹುದೇ ಎಂದು ಒಂದೊಂದೇ ಕೇಳಿ. ಎಲ್ಲ ಬಾಗಿಲು ಮುಚ್ಚಿದ ಮೇಲೆ ದೃಶ್ಯ ತೋರಿಸಿ. ನಿರಪರಾಧಿ ಅಂಗಡಿಗೆ ಹೋದದ್ದನ್ನು ತಾನೇ ಹೇಳಿಬಿಡುತ್ತಾನೆ. ಮುಚ್ಚಿಡುವವನು ಅದನ್ನು ಹಾರಿಸುತ್ತಾನೆ. 2006ರಲ್ಲಿ ಸ್ವೀಡನ್ನಿನ ಪೊಲೀಸ್ ತರಬೇತಿ ವಿದ್ಯಾರ್ಥಿಗಳ ಮೇಲೆ ಇದನ್ನು ಪ್ರಯೋಗಿಸಿದಾಗ ಕಲಿತವರು 85% ಸರಿ ತೀರ್ಪು ಕೊಟ್ಟರು, ಕಲಿಯದವರು 56%. ಮೊದಲೇ ದೃಶ್ಯ ತೋರಿಸಿಬಿಟ್ಟರೆ ಅದಕ್ಕೆ ಹೊಂದುವ ಕಥೆ ಕಟ್ಟಲು ಎಲ್ಲರಿಗೂ ಬರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್ 1990ರ ದಶಕದ ಆರಂಭದಲ್ಲಿ ಅಳವಡಿಸಿಕೊಂಡ ಪೀಸ್ (PEACE) ಎಂಬ ವಿಚಾರಣಾ ಮಾದರಿಯೂ ಒಪ್ಪಿಗೆ ಹಿಂಡುವುದನ್ನು ಬಿಟ್ಟು ವಿವರ ಪಡೆಯುವುದನ್ನೇ ಗುರಿ ಮಾಡಿಕೊಂಡಿದೆ: ತಯಾರಿ, ಪರಿಚಯ ಮತ್ತು ವಿವರಣೆ, ಹೇಳಿಕೆ, ಮುಕ್ತಾಯ, ಮೌಲ್ಯಮಾಪನ. ಇವುಗಳಲ್ಲಿ ಮೊದಲನೆಯದನ್ನು ಅವಸರದಲ್ಲಿ ಬಿಟ್ಟರೆ ಮಿಕ್ಕ ನಾಲ್ಕೂ ಬರೀ ಹೆಸರಿಗೆ ಉಳಿಯುತ್ತವೆ.

ಸಂತ್ರಸ್ತರು, ಸಾಕ್ಷಿಗಳಿಗೆ ಕಾಗ್ನಿಟಿವ್ ಸಂದರ್ಶನ ಬೇರೆ ಇದೆ: ಆ ಜಾಗ, ಹವೆ, ಶಬ್ದ, ಮನಸ್ಥಿತಿಯನ್ನು ಮನಸ್ಸಿನಲ್ಲಿ ಮರುಕಟ್ಟಿಸಿ, ಅಡ್ಡ ಬಾಯಿ ಹಾಕದೆ ಕೇಳುವುದು, ಸಣ್ಣದೆನಿಸಿದ್ದನ್ನೂ ಹೇಳಿಸುವುದು. ಸರಿಯಾದ ವಿವರಗಳು ಗಣನೀಯವಾಗಿ ಹೆಚ್ಚುತ್ತವೆ, ತಪ್ಪು ವಿವರಗಳೂ ಸ್ವಲ್ಪ ಹೆಚ್ಚುತ್ತವೆ. ತುಂಬ ಸಮಯ ಹಿಡಿಯುತ್ತದೆ, ಆದ್ದರಿಂದ ಮುಖ್ಯ ಸಾಕ್ಷಿಗೆ ಮೀಸಲಿಡಿ.

ಸುಳ್ಳು ಪತ್ತೆ ಯಂತ್ರ (ಪಾಲಿಗ್ರಾಫ್) ಸುಳ್ಳನ್ನು ಅಳೆಯುವುದಿಲ್ಲ. ಉಸಿರು, ರಕ್ತದೊತ್ತಡ, ಬೆವರನ್ನು ಅಳೆಯುತ್ತದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2003ರ ವರದಿಯ ಲೆಕ್ಕ ನೋಡಿ: 10,000 ನೌಕರರಲ್ಲಿ 10 ಗೂಢಚಾರರಿದ್ದರೆ, ಅವರಲ್ಲಿ 8 ಮಂದಿಯನ್ನು ಹಿಡಿಯುವಂತೆ ಪರೀಕ್ಷೆಯನ್ನು ಹೊಂದಿಸಿದಾಗ ಸುಮಾರು 1,600 ನಿರಪರಾಧಿಗಳೂ ಸಿಕ್ಕಿಬೀಳುತ್ತಾರೆ. ಇದಕ್ಕಿಂತ ತರ್ಕಬದ್ಧವಾದದ್ದು ಜಪಾನ್ ಪೊಲೀಸರು ಬಳಸುವ ಗುಪ್ತ ಮಾಹಿತಿ ಪರೀಕ್ಷೆ. ಕದ್ದ ವಸ್ತು ಯಾವುದು ಎಂಬುದಕ್ಕೆ ಐದು ಆಯ್ಕೆ ಓದಿ, ಸರಿಯಾದದ್ದಕ್ಕೆ ಮಾತ್ರ ದೇಹ ಪ್ರತಿಕ್ರಿಯಿಸುತ್ತದೆಯೇ ನೋಡುತ್ತಾರೆ. ಅಂಥ 6 ಪ್ರಶ್ನೆಗಳಲ್ಲೂ ಆಕಸ್ಮಿಕವಾಗಿ ಹೊಂದುವ ಸಾಧ್ಯತೆ 15,625ರಲ್ಲಿ ಒಂದು. ಆದರೆ ವಿವರಗಳು ಮೊದಲೇ ಸೋರಿದ್ದರೆ ಇದೂ ವ್ಯರ್ಥ. ಮಂಪರು ಪರೀಕ್ಷೆ ಬೇಡವೇ ಬೇಡ. ಔಷಧಿ ಸಂಕೋಚ ಕಳೆಯುತ್ತದೆ, ಜೊತೆಗೆ ಸೂಚಿಸಿದ್ದನ್ನು ಒಪ್ಪುವ ಗುಣವನ್ನೂ ಹೆಚ್ಚಿಸುತ್ತದೆ. ಒಪ್ಪಿಗೆ ಇಲ್ಲದೆ ಇದನ್ನಾಗಲಿ ಪಾಲಿಗ್ರಾಫನ್ನಾಗಲಿ ಮಾಡುವಂತಿಲ್ಲ ಎಂದು ಭಾರತದ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು.

ಮನೋಚಿತ್ರಣದ ಬಗ್ಗೆ ಹೆಚ್ಚು ಹೇಳಲು ಇಲ್ಲ. ಬ್ರಿಟನ್ನಿನ 1995ರ ಸಮೀಕ್ಷೆಯ 184 ಪ್ರಕರಣಗಳಲ್ಲಿ ಅದರಿಂದ ಅಪರಾಧಿ ಯಾರೆಂದು ತಿಳಿದದ್ದು 2.7%ರಲ್ಲಿ.

ಗೆರೆ_ಮತ್ತು_ಕಲೆ

ಟೈಮ್‌ಸ್ಟ್ಯಾಂಪ್ ಅವರಿಗೆ ಒಂದು ಕೋರಿಕೆ: ವಶಪಡಿಸಿಕೊಂಡ ಫೋನನ್ನು ನಿಮ್ಮ ಕಡೆಯವರು ನೇರ ಡೇಟಾ ತೆಗೆಯಲು ಒಯ್ಯುತ್ತಾರೆ. ಫೋನ್ ಯಾರದೆಂಬ ತಕರಾರು ಬಂದಾಗ ಅದರ ಮೇಲಿನ ಡಿಎನ್‌ಎ, ಬೆರಳಚ್ಚು ಬೇಕಾಗುತ್ತದೆ, ಅಷ್ಟರಲ್ಲಿ ಎಲ್ಲ ಒರೆಸಿಹೋಗಿರುತ್ತದೆ. ಮೊದಲು ನಮ್ಮ ಕಡೆಯಿಂದ ಅಂಚು, ಬಟನ್, ಸ್ಪೀಕರ್ ಜಾಲರಿಯ ಸ್ವ್ಯಾಬ್ ಆಗಲಿ. ಸಯನೋಆಕ್ರಿಲೇಟ್ ಹೊಗೆಯನ್ನು ಮಾತ್ರ ಡೇಟಾ ತೆಗೆದ ನಂತರವೇ ಮಾಡಬೇಕು, ಅದು ಪೋರ್ಟಿನ ಒಳಗೆ ಗಟ್ಟಿಯಾಗುತ್ತದೆ.

ಟೈಮ್‌ಸ್ಟ್ಯಾಂಪ್

ಒಪ್ಪಿದೆ, ಒಂದು ಷರತ್ತಿನ ಮೇಲೆ: ಫೋನ್ ಆನ್ ಇದ್ದರೆ ಆಫ್ ಮಾಡಬಾರದು, ಮತ್ತು ಸ್ವ್ಯಾಬ್ ಕೆಲವೇ ಗಂಟೆಗಳಲ್ಲಿ ಮುಗಿಯಬೇಕು. ಒಮ್ಮೆಯಾದರೂ ಅನ್‌ಲಾಕ್ ಆಗಿರುವ ಫೋನಿನಲ್ಲಿ ಗೂಢಲಿಪಿಯ ಕೀಲಿಗಳು ಮೆಮೊರಿಯಲ್ಲಿ ಇರುತ್ತವೆ. ರೀಬೂಟ್ ಆದರೆ ಅವು ಹೋಗುತ್ತವೆ, ಆಮೇಲೆ ಪಾಸ್‌ಕೋಡ್ ಇಲ್ಲದೆ ಸಿಗುವುದು ಅತ್ಯಲ್ಪ. 2024ರ ಐಒಎಸ್ 18.1ರಿಂದ ಐಫೋನುಗಳು ಕೆಲವು ದಿನ ಅನ್‌ಲಾಕ್ ಆಗದಿದ್ದರೆ ತಾವಾಗಿಯೇ ರೀಬೂಟ್ ಆಗುತ್ತವೆ. ಮೂರು ದಿನ ಎಂದು ಲೆಕ್ಕ ಹಾಕಿ ಕೆಲಸ ಮಾಡಿ. ಸಿಗ್ನಲ್ ತಡೆಯುವ ಫ್ಯಾರಡೇ ಚೀಲದೊಳಗೆ ಹಾಕುವಾಗ ಪವರ್ ಬ್ಯಾಂಕನ್ನೂ ಒಳಗೇ ಜೋಡಿಸಿಡಿ. ಚೀಲದೊಳಗಿನ ಫೋನ್ ಸಿಗ್ನಲ್ ಹುಡುಕುತ್ತಾ ಬ್ಯಾಟರಿ ಬೇಗ ಖಾಲಿ ಮಾಡುತ್ತದೆ. ಚಾರ್ಜರ್ ತಂತಿಯನ್ನು ಚೀಲದ ಬಾಯಿಯಿಂದ ಹೊರಗೆ ತಂದರೆ ಅದೇ ಆಂಟೆನಾದಂತೆ ಕೆಲಸ ಮಾಡಿ ಸಿಗ್ನಲ್ ಒಳಗೆ ಬಿಡುತ್ತದೆ, ಯಾರಾದರೂ ದೂರದಿಂದ ಎಲ್ಲವನ್ನೂ ಅಳಿಸಿಬಿಡಬಹುದು. ಸ್ವ್ಯಾಬ್ ತೆಗೆಯುವುದನ್ನೂ ಸಿಗ್ನಲ್ ತಡೆಯುವ ಕೋಣೆಯಲ್ಲೇ ಮಾಡಿ, ಶುರು ಮಾಡಿದ ಮತ್ತು ಮುಗಿಸಿದ ಸಮಯವನ್ನು ಫೋನಿನ ಜೊತೆಗಿರುವ ಚೀಟಿಯಲ್ಲಿ ಬರೆಯಿರಿ.